ನರಕದ ಭಯದಲ್ಲಿರುವ ಹಿರಿಯರ ಪಕ್ಕದಲ್ಲಿ ಕೂಡುವ ಬಗೆ

ಹಾಸಿಗೆ ಹಿಡಿದ ಹಿರಿಯರು ನಡುರಾತ್ರಿ ಎಚ್ಚರಗೊಂಡು "ನನ್ನ ಎಲ್ಲಿಗೆ ಒಯ್ತಾರೋ, ಅಲ್ಲೆ ಏನ್ ಮಾಡ್ತಾರೋ" ಎಂದು ಕೇಳಿದಾಗ ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಮಗಳು ಅಥವಾ ಸೊಸೆ "ಹಂಗೆಲ್ಲಾ ಮಾತಾಡಬ್ಯಾಡ್ರಿ, ನಿಮಗೇನೂ ಆಗೂದಿಲ್ಲ" ಎನ್ನುತ್ತಾರೆ. ಬೆಂಗಳೂರಿನಿಂದಲೋ ಪುಣೆಯಿಂದಲೋ ಬಂದ ಮೊಮ್ಮಗ "ನರಕ ಗಿರಕ ಎಲ್ಲಾ ಸುಳ್ಳು ಮುತ್ಯಾ" ಎನ್ನುತ್ತಾನೆ. ಎರಡೂ ಪ್ರೀತಿಯಿಂದ ಬಂದ ಮಾತುಗಳೇ. ಆದರೆ ಎರಡೂ ಆ ಪ್ರಶ್ನೆಯನ್ನು ಅಲ್ಲಿಗೇ ಮುಚ್ಚಿಬಿಡುತ್ತವೆ, ಮತ್ತು ಕೇಳಿದವರು ಮರುರಾತ್ರಿ ಏನೂ ಕೇಳದೆ ಒಬ್ಬರೇ ಅಂಜುತ್ತ ಮಲಗಿರುತ್ತಾರೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಕೊನೆಯ ದಿನಗಳ ಆರೈಕೆ ಇಂದಿಗೂ ಬಹುಮಟ್ಟಿಗೆ ಮನೆಯಲ್ಲಿಯೇ ನಡೆಯುತ್ತದೆ, ಮತ್ತು ಅದನ್ನು ಮಾಡುವವರು ಮನೆಯ ಜನರೇ. ಈ ಬರಹ ಅವರಿಗಾಗಿ. ಇಲ್ಲಿ ಹೇಳುವ ಕ್ರಮದ ಆಧಾರ ಒಂದೇ ಗ್ರಹಿಕೆ: ನರಕದ ಭಯವೆಂದು ಕಾಣುವುದು ಒಂದೇ ಭಯವಾಗಿರುವುದು ಅಪರೂಪ. ಅದರೊಳಗೆ ದೇಹದ ಸಂಕಟ ಇರುತ್ತದೆ, ಬದುಕಿನಲ್ಲಿ ತೀರಿಸದೆ ಉಳಿದ ಬಾಕಿ ಇರುತ್ತದೆ, ಆಮೇಲೆ ನಂಬಿಕೆ ಇರುತ್ತದೆ. ನಾವು ಸಾಮಾನ್ಯವಾಗಿ ನಂಬಿಕೆಯಿಂದ ಆರಂಭಿಸುತ್ತೇವೆ, ಆರಂಭಿಸಬೇಕಾದದ್ದು ದೇಹದಿಂದ.

ಮೊದಲು ಕೇಳುವುದು

ಮಾತನಾಡಲು ಮಧ್ಯಾಹ್ನದ ಊಟದ ನಂತರದ ಹೊತ್ತನ್ನು ಆರಿಸಿಕೊಳ್ಳಿ. ಆಗ ಮಾತಾಡಿಸಲು ಬಂದವರ ಗದ್ದಲ ಇಳಿದಿರುತ್ತದೆ, ಹಿರಿಯರಿಗೂ ತುಸು ಎಚ್ಚರವಿರುತ್ತದೆ. ಕೇಳುವವರು ಹಿರಿಯ ಮಗನೇ ಆಗಬೇಕೆಂದಿಲ್ಲ. ಮಗನ ಎದುರು ಅಳಲು ಸಂಕೋಚಪಡುವ ತಂದೆ ತಂಗಿಯ ಎದುರು, ಸೊಸೆಯ ಎದುರು ಅಥವಾ ಮೊಮ್ಮಗಳ ಎದುರು ಬಾಯಿ ಬಿಡುವುದುಂಟು. ಯಾರ ಹತ್ತಿರ ಅವರು ತಾವಾಗಿ ನೀರು ಕೇಳುತ್ತಾರೋ ಅವರೇ ಈ ಕೆಲಸಕ್ಕೆ ತಕ್ಕವರು.

"ಅಂಜಿಕಿ ಆಗ್ತದೇನ್ರಿ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಬರುತ್ತದೆ. "ಯಾವುದರ ಬಗ್ಗೆ ಭಾಳ ಅಂಜಿಕಿ ಆಗ್ತದ?", "ಯಾವಾಗಿಂದ?", "ರಾತ್ರಿ ಹೆಚ್ಚೋ ಹಗಲ ಹೆಚ್ಚೋ?", "ಅಲ್ಲೆ ಏನಾಗ್ತದಂತ ನಿಮಗ ಅನಸ್ತದ?" ಎಂದು ಕೇಳಿ, ಆಮೇಲೆ ಸುಮ್ಮನಿರಿ. ಉತ್ತರ ಬರಲು ತಡವಾದರೆ ನಡುವೆ ಮಾತು ತುಂಬಬೇಡಿ. ಒಬ್ಬರು ಎಣ್ಣೆಯ ಕೊಪ್ಪರಿಗೆಯ ಮಾತನ್ನಾಡಬಹುದು, ಇನ್ನೊಬ್ಬರು "ಉಸರ ಸಿಗದಂಗ ಆಗಿ ಸಾಯ್ತೇನೇನೋ" ಎನ್ನಬಹುದು, ಮತ್ತೊಬ್ಬರು ನಲವತ್ತು ವರ್ಷ ಹಳೆಯದಾದ ಹೊಲದ ವಾಟಣಿಯ (ಪಾಲು ಹಂಚಿಕೆಯ) ಕಥೆಯನ್ನು ತೆಗೆಯಬಹುದು. ಮೂವರೂ "ನರಕ" ಎಂಬ ಒಂದೇ ಮಾತನ್ನು ಬಳಸಿರಬಹುದು, ಆದರೆ ಮೂವರಿಗೂ ಬೇಕಾದ ನೆರವು ಬೇರೆ ಬೇರೆ.

ಹಾಸಿಗೆಯ ಸುತ್ತ ನಿಂತು ರೋಗಿಗೆ ಕೇಳಿಸುವಂತೆ "ಇನ್ನ ಎಷ್ಟ ದಿನಾ ಅನುಭವಿಸ್ತಾರೋ, ಏನ್ ಪಾಪ ಮಾಡಿದ್ರೋ" ಎನ್ನುವ ನೆಂಟರನ್ನು ಹೊರಗಿನ ಕಟ್ಟೆಗೆ ಕರೆದೊಯ್ದು ಚಹಾ ಕೊಡುವುದು ಮನೆಯ ಯಾರಾದರೂ ಒಬ್ಬರ ಜವಾಬ್ದಾರಿಯಾಗಿರಲಿ. ಕಣ್ಣು ಮುಚ್ಚಿ ಮಲಗಿದವರಿಗೆ ಏನೂ ಕೇಳಿಸುವುದಿಲ್ಲವೆಂದು ಎಂದೂ ತಿಳಿಯಬಾರದು.

ದೇಹದ ಸಂಕಟ

ಉಸಿರು ಕಟ್ಟಿದಾಗ ಮನುಷ್ಯನಿಗೆ ಆಗುವ ಗಾಬರಿ ಯಾವ ಪುರಾಣವನ್ನೂ ಓದದವನಿಗೂ ಆಗುತ್ತದೆ. ಹೃದಯದ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು ರಾತ್ರಿ ಚಪ್ಪಟೆಯಾಗಿ ಮಲಗಿದೊಡನೆ ಉಸಿರಾಟ ಕಷ್ಟವಾಗಿ ಎದ್ದು ಕುಳಿತು, "ಯಾರೋ ಎದಿ ಮ್ಯಾಲೆ ಕುಂತಂಗ ಆಗ್ತದ" ಎನ್ನುತ್ತಾರೆ. ಮನೆಯವರು ಅದನ್ನು ಯಮದೂತರ ಸುದ್ದಿಯಾಗಿ ಕೇಳಿಸಿಕೊಳ್ಳುತ್ತಾರೆ. ಬೆನ್ನಿಗೆ ದಿಂಬು ಕೊಟ್ಟು ಒರಗಿಸಿ ಕೂಡಿಸುವುದು, ಕಿಟಕಿ ತೆರೆದು ಮುಖಕ್ಕೆ ನೇರವಾಗಿ ಫ್ಯಾನಿನ ಗಾಳಿ ಬರುವಂತೆ ಮಾಡುವುದು, ಕೋಣೆಯಲ್ಲಿ ಜನ ಕಡಿಮೆ ಮಾಡುವುದು, ಒಬ್ಬರು ಕೈ ಹಿಡಿದು ನಿಧಾನವಾಗಿ ತಾವೂ ಉಸಿರಾಡುತ್ತ ಕೂಡುವುದು ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳು. ಇವುಗಳಿಂದ ಹತೋಟಿಗೆ ಬರದಿದ್ದರೆ ವೈದ್ಯರಿಗೆ "ರಾತ್ರಿ ಉಸಿರು ಕಟ್ಟಿ ಅಂಜುತ್ತಾರೆ" ಎಂದೇ ಹೇಳಬೇಕು. "ಭಯಪಡುತ್ತಾರೆ" ಎಂದಷ್ಟೇ ಹೇಳಿದರೆ ನಿದ್ದೆಗುಳಿಗೆಯೊಂದೇ ಕೈಗೆ ಬರುವ ಸಾಧ್ಯತೆ ಹೆಚ್ಚು.

ನೋವಿನ ವಿಷಯವೂ ಹೀಗೆಯೇ. ಕ್ಯಾನ್ಸರಿನ ನೋವು ದಿನವಿಡೀ ಸುಡುತ್ತಿರುವಾಗ, ಸತ್ತ ಮೇಲೂ ಇದೇ ಮುಂದುವರಿಯುತ್ತದೆಂಬ ಭಾವನೆ ಬರುವುದು ಸಹಜ. ಮಾರ್ಫಿನ್ ಕೊಟ್ಟರೆ ಜೀವ ಬೇಗ ಹೋಗುತ್ತದೆ ಅಥವಾ ಚಟ ಹತ್ತುತ್ತದೆ ಎಂಬ ಅಂಜಿಕೆಯಿಂದ ಎಷ್ಟೋ ಮನೆಗಳಲ್ಲಿ ಅದನ್ನು ತಡೆಹಿಡಿಯುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟಾಗ ಅದು ನೋವನ್ನು ಇಳಿಸುತ್ತದೆ, ತೀವ್ರ ಉಸಿರಾಟದ ತೊಂದರೆಯನ್ನೂ ಕಡಿಮೆ ಮಾಡುತ್ತದೆ; ಅದರಿಂದಾಗುವ ಮಲಬದ್ಧತೆಗೆ ಜೊತೆಯಲ್ಲಿಯೇ ಔಷಧ ಕೇಳಿ ಪಡೆಯಬೇಕು. ಮಾದಕವಸ್ತುಗಳ ಕುರಿತ 1985ರ ಕಾನೂನಿಗೆ 2014ರಲ್ಲಿ ತಿದ್ದುಪಡಿ ಬಂದ ಮೇಲೆ ಚಿಕಿತ್ಸೆಗೆಂದು ಮಾರ್ಫಿನ್ ಒದಗಿಸುವ ನಿಯಮಗಳು ಸರಳವಾಗಿವೆ. ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಾಗಲಿ "ಉಪಶಾಮಕ ಆರೈಕೆ" ಅಥವಾ "ಪ್ಯಾಲಿಯೇಟಿವ್ ಕೇರ್" ಎಂಬ ಹೆಸರು ಹೇಳಿ ವಿಚಾರಿಸಿ. ಗುಣವಾಗದ ಕಾಯಿಲೆ ಎಂದು ಹೇಳಿದ ಮಾತ್ರಕ್ಕೆ ಮಾಡಲು ಏನೂ ಉಳಿದಿಲ್ಲ ಎಂದರ್ಥವಲ್ಲ.

ಇನ್ನು ಸನ್ನಿಯ ವಿಚಾರ. ಮನೆಯವರು ಅತಿ ಹೆಚ್ಚು ತಪ್ಪಾಗಿ ಓದುವ ಲಕ್ಷಣ ಇದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದ ಹಿರಿಯರು ಸಂಜೆಯಾಗುತ್ತಿದ್ದಂತೆ ಬಡಬಡಿಸತೊಡಗುವುದು, ಬಾಗಿಲಲ್ಲಿ ಕರಿಯ ಜನ ನಿಂತಿದ್ದಾರೆ ಎನ್ನುವುದು, ಹಾಸಿಗೆಯನ್ನು ಕಿತ್ತೆಸೆಯುವುದು, ಮನೆಯವರನ್ನೇ ಗುರುತಿಸದಿರುವುದು, ಬೆಳಗಾಗುತ್ತಲೇ ಮತ್ತೆ ಶಾಂತವಾಗುವುದು ಇವೆಲ್ಲ ಸನ್ನಿಯ ಲಕ್ಷಣಗಳು. ಮೂತ್ರ ಕಟ್ಟಿರುವುದು, ಮೂತ್ರಕೋಶದ ಅಥವಾ ಎದೆಯ ಸೋಂಕು, ಹಲವು ದಿನಗಳ ಮಲಬದ್ಧತೆ, ದೇಹದಲ್ಲಿ ನೀರು ಕಡಿಮೆಯಾಗಿರುವುದು, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆಯ ಏರುಪೇರು, ಹೊಸದಾಗಿ ಸೇರಿಸಿದ ಒಂದು ಗುಳಿಗೆ ಇವುಗಳಲ್ಲಿ ಯಾವುದೂ ಇದಕ್ಕೆ ಕಾರಣವಾಗಬಹುದು, ಮತ್ತು ಇವುಗಳಲ್ಲಿ ಹಲವನ್ನು ಸರಿಪಡಿಸಬಹುದು. ಯಮದೂತರು ಬಂದಿದ್ದಾರೆಂದು ನಿಂಬೆಹಣ್ಣು ಇಳಿಸುವ ಮುನ್ನ ಜ್ವರ ನೋಡಿ, ಮೂತ್ರ ಎಷ್ಟು ಹೊತ್ತಿನ ಹಿಂದೆ ಆಯಿತೆಂದು ಕೇಳಿ, ಹೊಟ್ಟೆಯ ಕೆಳಭಾಗ ಬಿಗಿದಿದೆಯೇ ನೋಡಿ, ಬೆಳಗಾಗುತ್ತಲೇ ವೈದ್ಯರನ್ನು ಕಾಣಿ. ಆ ರಾತ್ರಿ ಕೋಣೆಯಲ್ಲಿ ಮಂದವಾದ ದೀಪ ಉರಿಯುತ್ತಿರಲಿ, ಅವರ ಚಷ್ಮಾ ಮತ್ತು ಕಿವಿಯ ಯಂತ್ರ ಹತ್ತಿರವಿರಲಿ, ಪರಿಚಿತ ದನಿಯವರೊಬ್ಬರು ಪಕ್ಕದಲ್ಲಿರಲಿ. "ಯಾರೂ ಇಲ್ಲ" ಎಂದು ವಾದಿಸದೆ, "ಹೌದು, ಇದ್ದಾರೆ" ಎಂದು ಒಪ್ಪದೆ, "ನಾ ಇಲ್ಲೇ ಅದೀನ್ರಿ, ನಿಮ್ಮನ್ನ ಬಿಟ್ಟು ಹೋಗಂಗಿಲ್ಲ" ಎಂದರೆ ಸಾಕಾಗುತ್ತದೆ.

ತೀರಿಹೋದ ತಾಯಿಯೋ ಗಂಡನೋ ಬಂದು ಕರೆಯುತ್ತಿದ್ದಾರೆ ಎಂದು ಹೇಳುವುದು ಇದಕ್ಕಿಂತ ಬೇರೆ. ಕೊನೆಯ ದಿನಗಳಲ್ಲಿ ಅನೇಕರಿಗೆ ಇಂತಹ ದರ್ಶನ ಆಗುತ್ತದೆ, ಮತ್ತು ಸಾಮಾನ್ಯವಾಗಿ ಅದರಿಂದ ಅವರಿಗೆ ನೆಮ್ಮದಿಯೇ ಆಗುತ್ತದೆ. ಅವರಿಗೆ ನೆಮ್ಮದಿ ಕೊಡುವುದನ್ನು ನಾವು ಚಿಕಿತ್ಸೆಯಿಂದ ಓಡಿಸಬೇಕಿಲ್ಲ. "ಅವ್ವ ಏನಂದಳು?" ಎಂದು ಕೇಳಬಹುದು.

"ಪಾಪ ಮಾಡಿದವರಿಗೆ ಜೀವ ಲಗೂ ಹೋಗೂದಿಲ್ಲ" ಎಂಬ ಮಾತು ನಮ್ಮ ಊರುಗಳಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ ಅದನ್ನು ಕೇಳಿಸಿಕೊಂಡ ರೋಗಿಗೆ ತನ್ನ ಪ್ರತಿ ದಿನದ ನರಳಾಟವೂ ತನ್ನ ಮೇಲಿನ ತೀರ್ಪಾಗಿ ಕಾಣುತ್ತದೆ. ಈ ಮಾತನ್ನು ಮನೆಯಲ್ಲಿ ಖಡಾಖಂಡಿತವಾಗಿ ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ. ಸಾವು ಎಷ್ಟು ದಿನ ಹಿಡಿಯುತ್ತದೆ ಎಂಬುದು ಕಾಯಿಲೆ ಯಾವುದು, ಹೃದಯ ಎಷ್ಟು ಗಟ್ಟಿಯಿದೆ, ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಅವಲಂಬಿಸಿದೆ. ಸಜ್ಜನರು ತಿಂಗಳುಗಟ್ಟಲೆ ಮಲಗಿದ್ದನ್ನೂ ದುರ್ಜನರು ನಿದ್ದೆಯಲ್ಲಿ ಹೋದದ್ದನ್ನೂ ಪ್ರತಿಯೊಂದು ಓಣಿಯೂ ಕಂಡಿದೆ. ಕೊನೆಯ ಗಂಟೆಗಳಲ್ಲಿ ಗಂಟಲಿನಲ್ಲಿ ಬರುವ ಗೊರಗೊರ ಸದ್ದನ್ನು ಕೇಳಿ "ಜೀವ ಎಳೀಲಿಕ್ಕತ್ತಾರ" ಎಂದು ಅಳುವುದಿದೆ. ನುಂಗಲಾಗದ ಜೊಲ್ಲು ಗಂಟಲಲ್ಲಿ ನಿಂತು ಉಸಿರಿನೊಂದಿಗೆ ಅಲುಗುವ ಸದ್ದು ಅದು. ಆ ಹೊತ್ತಿಗೆ ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುವುದಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಪಾದೋದಕ, ಗಂಗಾಜಲ, ಝಮ್‌ಝಮ್ ನೀರು ಯಾವುದೇ ಆಗಲಿ, ನುಂಗಲಾಗದವರ ಬಾಯಿಗೆ ಚಮಚದಿಂದ ಸುರಿಯದೆ ಹತ್ತಿಯಲ್ಲಿ ಅದ್ದಿ ತುಟಿ ಮತ್ತು ನಾಲಿಗೆಯನ್ನು ಒದ್ದೆ ಮಾಡಿದರೆ ಆಚಾರವೂ ಉಳಿಯುತ್ತದೆ, ಉಸಿರೂ ಸಿಕ್ಕುವುದಿಲ್ಲ.

ಬಾಕಿಗಳು

ಮೈ ಸ್ವಲ್ಪ ಹಗುರಾದ ಮೇಲೆ ಎರಡನೆಯ ಪದರ ಕಾಣಿಸುತ್ತದೆ. ಸಾಲ, ಜಗಳ, ಹರಕೆ, ಯಾರಿಗೂ ಹೇಳದ ಒಂದು ಅನ್ಯಾಯ. "ನನಗ ನರಕಾನ ಗತಿ" ಎಂದವರನ್ನು "ಯಾಕ ಹಂಗ ಅನಸ್ತದ?" ಎಂದು ಕೇಳಿದರೆ ವಿಧವೆಯಾಗಿ ತವರಿಗೆ ಬಂದ ತಂಗಿಗೆ ಹೊಲದಲ್ಲಿ ಪಾಲು ಕೊಡಲಿಲ್ಲ ಎಂಬ ಮಾತು ಹೊರಬರಬಹುದು. ಇಲ್ಲಿ "ನೀವು ಏನೂ ತಪ್ಪು ಮಾಡಿಲ್ಲ" ಎಂಬ ಸಮಾಧಾನ ಕೆಲಸಕ್ಕೆ ಬಾರದು, ಏಕೆಂದರೆ ಹೇಳುತ್ತಿರುವವರಿಗೆ ತಾವು ಏನು ಮಾಡಿದ್ದೇವೆಂಬುದು ಗೊತ್ತು. "ಈಗ ಏನ್ ಮಾಡಿದ್ರ ನಿಮಗ ಹಗುರ ಆಗ್ತದ?" ಎಂಬ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ತಂಗಿಯನ್ನು ಕರೆಸಬಹುದು, ಅವಳು ಬದುಕಿಲ್ಲದಿದ್ದರೆ ಅವಳ ಮಕ್ಕಳನ್ನು ಕರೆಸಬಹುದು, ಒಂದು ಎಕರೆಯೋ ಒಂದಿಷ್ಟು ಹಣವೋ ಬರೆದುಕೊಡಬಹುದು. ಕೊಡಲು ಮಕ್ಕಳಿಗೆ ಮನಸ್ಸಿಲ್ಲದಿದ್ದರೆ, ಹಾಸಿಗೆಯ ಪಕ್ಕದಲ್ಲಿ ಸುಳ್ಳು ಮಾತು ಕೊಟ್ಟು ಆಮೇಲೆ ತಪ್ಪುವುದಕ್ಕಿಂತ ಕ್ಷಮೆ ಕೇಳುವ ಭೇಟಿಯನ್ನಾದರೂ ಏರ್ಪಡಿಸುವುದು ಮೇಲು.

ಕೈಗಡ ಸಾಲಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅವರಿಗೆ ಓದಿ ಹೇಳಿ, ತೀರಿದ ಒಂದೊಂದರ ಮುಂದೆ ಅವರ ಎದುರಿನಲ್ಲಿಯೇ ಗುರುತು ಹಾಕಿ. ಬಾದಾಮಿಯ ಬನಶಂಕರಿಗೆ, ಸವದತ್ತಿಯ ಎಲ್ಲಮ್ಮನಿಗೆ, ಪಂಢರಪುರದ ವಿಠ್ಠಲನಿಗೆ ಅಥವಾ ಊರ ದರ್ಗಾಕ್ಕೆ ಹೊತ್ತ ಹರಕೆ ಉಳಿದಿದ್ದರೆ ಮನೆಯ ಇನ್ನೊಬ್ಬರು ಹೋಗಿ ತೀರಿಸಿ ಬಂದು ಪ್ರಸಾದವನ್ನು ಕೈಗೆ ಕೊಡಬಹುದು. ಹರಕೆ ಹೊತ್ತವರೇ ಬರಬೇಕೆಂದು ಹಟ ಹಿಡಿಯುವ ದೇವರನ್ನು ನಾನಂತೂ ಕಂಡಿಲ್ಲ.

ಕೆಲವರ ಅಂಜಿಕೆ ಪರಲೋಕದ್ದಾಗಿರದೆ ಐಸಿಯುದ್ದಾಗಿರುತ್ತದೆ. ಕೈಕಾಲು ಕಟ್ಟಿ, ಬಾಯಲ್ಲಿ ಕೊಳವೆ ಹಾಕಿ, ಮಕ್ಕಳ ಮುಖ ಕಾಣದ ಕೋಣೆಯಲ್ಲಿ ಇಡುತ್ತಾರೇನೋ ಎಂಬ ಅಂಜಿಕೆಯನ್ನು ಅವರು ನರಕದ ಮಾತಿನಲ್ಲಿಯೇ ಹೇಳುತ್ತಾರೆ. ಇದಕ್ಕೆ ಕಾನೂನಿನ ದಾರಿ ಇದೆ. ಗುಣವಾಗುವ ಭರವಸೆ ಇಲ್ಲದಾಗ ಯಂತ್ರಗಳ ಆಧಾರದಲ್ಲಿ ಜೀವ ಎಳೆಯಬಾರದೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು, ಮತ್ತು ತಮ್ಮ ಪರವಾಗಿ ನಿರ್ಧರಿಸಬೇಕಾದವರ ಹೆಸರನ್ನು ಅದರಲ್ಲಿ ಬರೆಯಬೇಕು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಈ ತೀರ್ಪನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಇದನ್ನು ಮಾಡಿಸಿಬಿಟ್ಟರೆ ಎಷ್ಟೋ ಹಿರಿಯರ ನಿದ್ದೆ ಮರಳಿ ಬರುತ್ತದೆ.

ನಂಬಿಕೆಯ ಮಾತನ್ನು ಅವರ ಮನೆಯಿಂದಲೇ ತರುವುದು

ಇಷ್ಟಾದ ಮೇಲೂ ಉಳಿಯುವ ಭಯ ನಿಜವಾಗಿಯೂ ನಂಬಿಕೆಗೆ ಸೇರಿದ್ದು, ಮತ್ತು ಅದಕ್ಕೆ ಉತ್ತರವನ್ನು ಅವರದೇ ಪರಂಪರೆಯಿಂದ ತರಬೇಕು. ಲಿಂಗಾಯತ ಅಜ್ಜನಿಗೆ ಉಪನಿಷತ್ತನ್ನೂ ಮುಸಲ್ಮಾನ ಅಜ್ಜಿಗೆ ವಚನವನ್ನೂ ಹೇಳಿ ಸಮಾಧಾನ ಮಾಡಲು ಹೋಗುವುದು ಒಳ್ಳೆಯ ಮನಸ್ಸಿನ ವ್ಯರ್ಥ ಶ್ರಮ. ಸಂತೈಸುವವರು ನಾಸ್ತಿಕರಾಗಿದ್ದರೆ ತಮ್ಮ ನಂಬಿಕೆಯನ್ನು ಬದಲಿಸಬೇಕಿಲ್ಲ, "ನಿಮ್ಮ ಗುರುಗಳು ಇದರ ಬಗ್ಗೆ ಏನ್ ಹೇಳ್ಯಾರ?" ಎಂದು ಕೇಳಿದರೆ ಸುಳ್ಳೂ ಆಡಿದಂತಾಗುವುದಿಲ್ಲ, ಗಾಯವೂ ಆಗುವುದಿಲ್ಲ.

ಲಿಂಗಾಯತ ಮನೆಗಳಲ್ಲಿ ಕೆಲಸ ಒಂದು ರೀತಿಯಲ್ಲಿ ಸುಲಭ. ಬಸವನ ಬಾಗೇವಾಡಿಯಲ್ಲಿ ಹುಟ್ಟಿ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಐಕ್ಯನಾದ ಬಸವಣ್ಣ ಸ್ವರ್ಗನರಕಗಳನ್ನು ಸತ್ತ ಮೇಲಿನ ಊರುಗಳಾಗಿ ಉಳಿಸಲೇ ಇಲ್ಲ. "ಆಚಾರವೇ ಸ್ವರ್ಗ, ಅನಾಚಾರವೇ ನರಕ" ಎಂದು ಅವುಗಳನ್ನು ಇಲ್ಲಿಯ ನಡೆಗೆ ತಂದು ಕಟ್ಟಿದ. ಶರಣರಿಗೆ ಮರಣವೇ ಮಹಾನವಮಿ. ಆದರೂ ಈ ಮನೆಗಳ ಹಿರಿಯರು ಜಾತ್ರೆಯಲ್ಲಿ ಮಾರುವ ನರಕದ ಪಟಗಳನ್ನು ನೋಡಿಯೇ ಬೆಳೆದವರು, ಆದ್ದರಿಂದ ವಚನ ಬಾಯಲ್ಲಿದ್ದರೂ ಕೊಪ್ಪರಿಗೆ ಕಣ್ಣಲ್ಲಿರುತ್ತದೆ. ಇಷ್ಟಲಿಂಗವನ್ನು ಅಂಗೈಯಲ್ಲಿಡಿ ಅಥವಾ ಎದೆಯ ಮೇಲಿರಲಿ, ಅಯ್ಯನವರನ್ನು ಕರೆಸಿ ವಿಭೂತಿ ಹಚ್ಚಿಸಿ, ಅವರಿಗೆ ಬಾಯಿಪಾಠವಿರುವ ವಚನವನ್ನು ಜೊತೆಗೆ ಹೇಳಿ. ಹೊಸ ವಚನ ಕಲಿಸುವ ಹೊತ್ತು ಇದಲ್ಲ.

ವಿಜಯಪುರದ ಸುತ್ತಮುತ್ತಲಿನವರಿಗೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಉದಾಹರಣೆ ಬಲು ಹತ್ತಿರದ್ದು. 2023ರ ಜನವರಿ 2ರಂದು ದೇಹ ಬಿಟ್ಟ ಅವರು 2014ರ ಗುರುಪೂರ್ಣಿಮೆಯಂದೇ ತಮ್ಮ ಕೊನೆಯ ಪತ್ರವನ್ನು ಬರೆದಿಟ್ಟಿದ್ದರು: ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧದ ವಿಧಿಗಳು ಬೇಡ, ಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು. ತಾವು ನಂಬಿದ ಒಬ್ಬರು ಸಾವಿನ ಮಾತನ್ನು ವರ್ಷಗಳ ಮೊದಲೇ ಇಷ್ಟು ನಿರಾತಂಕವಾಗಿ ಆಡಿದ್ದರು ಎಂಬುದು ಕೇಳುವವರಿಗೆ ಧೈರ್ಯ ಕೊಡುತ್ತದೆ. ಆದರೆ ಅದು ಸಂನ್ಯಾಸಿಯೊಬ್ಬರು ತಮಗಾಗಿ ಮಾಡಿಕೊಂಡ ನಿಶ್ಚಯ. ಅದನ್ನು ಮುಂದೆ ಹಿಡಿದು, ವಿಧಿಗಳನ್ನು ಬಯಸುವ ಮುದುಕಿಗೆ "ಅದೆಲ್ಲಾ ಯಾಕ ಬೇಕು" ಎಂದು ಹೇಳುವುದು ಕ್ರೌರ್ಯ.

ಬ್ರಾಹ್ಮಣ ಮನೆಗಳಲ್ಲಿ ಮತ್ತು ಪುರಾಣ ಕೇಳುವ ಇತರ ಮನೆಗಳಲ್ಲಿ ಭಯದ ಮೂಲ ಬಹುತೇಕ ಗರುಡಪುರಾಣ. ಅದರ ಪ್ರೇತಖಂಡವನ್ನು ಸಾವಿನ ನಂತರದ ಸೂತಕದ ದಿನಗಳಲ್ಲಿ ಉಳಿದವರ ಎದುರು ಓದುವುದು ರೂಢಿ. ಬದುಕಿರುವ ರೋಗಿಯ ಕೋಣೆಯಲ್ಲಿ ಅದನ್ನು ಓದುವ ಅಗತ್ಯವೇ ಇಲ್ಲ. ರೌರವ, ಕುಂಭೀಪಾಕ ಎಂಬ ನರಕಗಳ, ವೈತರಣಿ ಎಂಬ ನದಿಯ ವರ್ಣನೆ ಎಲ್ಲರಿಗೂ ನೆನಪಿರುತ್ತದೆ, ಅದೇ ಗ್ರಂಥ ಪುಟಪುಟಕ್ಕೂ ಹೇಳುವ ದಾನ, ಸ್ಮರಣೆ, ಪ್ರಾಯಶ್ಚಿತ್ತಗಳ ದಾರಿ ನೆನಪಿರುವುದಿಲ್ಲ. ಭಾಗವತದ ಕಥೆ ಇನ್ನೂ ಸ್ವಾರಸ್ಯಕರ. ಅದರ ಐದನೆಯ ಸ್ಕಂಧ ಇಪ್ಪತ್ತೆಂಟು ನರಕಗಳನ್ನು ಎಣಿಸಿ ಮುಗಿಯುತ್ತದೆ. ಆರನೆಯ ಸ್ಕಂಧ ಆರಂಭವಾಗುವುದೇ ಇವುಗಳಿಂದ ಮನುಷ್ಯ ಪಾರಾಗುವ ಬಗೆ ಯಾವುದೆಂಬ ಪರೀಕ್ಷಿತನ ಪ್ರಶ್ನೆಯಿಂದ, ಮತ್ತು ಅದಕ್ಕೆ ಶುಕಮುನಿ ಕೊಡುವ ಉತ್ತರ ಅಜಾಮಿಳನ ಕಥೆ. ಜೀವನವೆಲ್ಲ ದಾರಿ ತಪ್ಪಿ, ಸಾಯುವಾಗ ಮಗನನ್ನು "ನಾರಾಯಣಾ" ಎಂದು ಕರೆದವನನ್ನು ಯಮದೂತರು ಮುಟ್ಟಲಾಗಲಿಲ್ಲ. ಹಿರಿಯರಿಗೆ ಓದಿ ಹೇಳುವುದಾದರೆ ಈ ಪುಟದಿಂದ ಓದಿ. ಗೀತೆಯ ಆರನೆಯ ಅಧ್ಯಾಯದಲ್ಲಿ ಒಳಿತು ಮಾಡಿದವನಾರೂ ದುರ್ಗತಿಗೆ ಹೋಗುವುದಿಲ್ಲ ಎಂದು ಕೃಷ್ಣ ಹೇಳುವ ಮಾತನ್ನೂ ನೆನಪಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನರಕ ಶಾಶ್ವತವಲ್ಲ, ಕರ್ಮಫಲ ತೀರಿದ ಮೇಲೆ ಜೀವ ಮತ್ತೆ ಹುಟ್ಟುತ್ತದೆ ಎಂಬುದು ಹೆಚ್ಚಿನ ಹಿಂದೂ ಪಂಥಗಳ ನಿಲುವು. ಆದರೆ ನಮ್ಮ ಕಡೆ ಬಹಳಷ್ಟು ಇರುವ ಮಾಧ್ವ ಮನೆಗಳಲ್ಲಿ ತಮೋಯೋಗ್ಯ (ಸ್ವಭಾವದಿಂದಲೇ ಕತ್ತಲೆಗೆ ಸೇರಿದ) ಜೀವಗಳಿಗೆ ಮುಗಿಯದ ತಮಸ್ಸು ಇದೆಯೆಂಬ ಸಿದ್ಧಾಂತವಿದೆ, ಮತ್ತು ತಾವು ಆ ಗುಂಪಿಗೆ ಸೇರಿದವರೇನೋ ಎಂದು ಕೊರಗುವ ಹಿರಿಯರೂ ಇರುತ್ತಾರೆ. ಹೊರಗಿನವರು ಹಗುರವಾಗಿ "ಎಲ್ಲರೂ ಪಾರಾಗ್ತಾರ" ಎಂದರೆ ಅವರಿಗೆ ಒಪ್ಪಿಗೆಯಾಗದು. ಅವರು ಗೌರವಿಸುವ ಆಚಾರ್ಯರನ್ನೇ ಕರೆಸಿ, ಹರಿಯಲ್ಲಿ ಭಕ್ತಿ ಇಟ್ಟವರ ಗತಿಯ ಬಗ್ಗೆ ಅವರಿಂದಲೇ ಹೇಳಿಸಬೇಕು. ಯಮನೇ ಶ್ರೀರಾಮನೆಂದೂ, ನಂಬಿದ ವಿಭೀಷಣನಿಗೆ ರಾಮನಾದವನೇ ನಂಬದ ರಾವಣನಿಗೆ ಯಮನಾದನೆಂದೂ ಹಾಡಿದ ಪುರಂದರದಾಸರ ಪದ ಈ ಮನೆಗಳಲ್ಲಿ ಅನೇಕರಿಗೆ ಗೊತ್ತಿರುತ್ತದೆ, ಹಾಡಬಲ್ಲವರು ಹಾಡಲಿ. ಗೋದಾನ ಮಾಡುವ ಆಸೆ ಇದ್ದರೆ ಕೈಲಾದಷ್ಟರಲ್ಲಿ ಮಾಡಿಸಿ. ಆದರೆ "ಇಷ್ಟು ಸಾವಿರದ ಶಾಂತಿ ಮಾಡಿಸದಿದ್ದರೆ ಗತಿಯಿಲ್ಲ" ಎಂದು ರೋಗಿಯ ಎದುರಿನಲ್ಲಿಯೇ ಹೇಳುವವರನ್ನು ಮತ್ತೆ ಮನೆಗೆ ಕರೆಯಬೇಡಿ.

ಮುಸಲ್ಮಾನ ಮನೆಗಳಲ್ಲಿ ಭಯ ಜಹನ್ನಮಿನದಷ್ಟೇ (ನರಕದ್ದಷ್ಟೇ) ಅಲ್ಲ, ಕಬರಿನ ಅಜಾಬಿನದು (ಗೋರಿಯೊಳಗಿನ ಶಿಕ್ಷೆಯದು), ಅಲ್ಲಿ ಮುನ್ಕರ್ ಮತ್ತು ನಕೀರ್ ಎಂಬ ದೇವದೂತರು ಕೇಳುವ ಪ್ರಶ್ನೆಗಳದು. ಇದಕ್ಕೂ ಉತ್ತರ ಒಳಗಿನಿಂದಲೇ ಇದೆ. ತಮ್ಮ ಮೇಲೆ ತಾವೇ ಅತಿರೇಕ ಮಾಡಿಕೊಂಡವರೂ ಅಲ್ಲಾಹನ ಕರುಣೆಯಿಂದ ನಿರಾಶರಾಗಬಾರದೆಂದು ಕುರಾನಿನ 39ನೆಯ ಸೂರಾದ (ಅಧ್ಯಾಯದ) 53ನೆಯ ಆಯತ್ (ವಾಕ್ಯ) ಹೇಳುತ್ತದೆ. ಅಲ್ಲಾಹನ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡೇ ಸಾಯಬೇಕೆಂಬ ಹದೀಸ್ (ಪ್ರವಾದಿಯವರ ಮಾತು) ಇದೆ. ತೌಬಾ (ಪಶ್ಚಾತ್ತಾಪ), ಕರ್ಜ್ (ಸಾಲ) ತೀರಿಸುವುದು, ಮದುವೆಯಲ್ಲಿ ಒಪ್ಪಿಕೊಂಡು ಹೆಂಡತಿಗೆ ಕೊಡದೆ ಉಳಿದ ಮೆಹರ್ ಕೊಡುವುದು ಅಥವಾ ಅವಳು ಮನಃಪೂರ್ವಕವಾಗಿ ಮಾಫ್ ಮಾಡುವುದು, ಇವು ಮನಸ್ಸನ್ನು ಹಗುರಗೊಳಿಸುವ ಕೆಲಸಗಳು. ಕುರಾನಿನ ಯಾಸೀನ್ ಸೂರಾ ಓದುವಾಗ ದನಿ ಮೆಲ್ಲಗಿರಲಿ, ನಂಬಿಕೆಯ ಘೋಷಣೆಯಾದ ಕಲಿಮಾವನ್ನು ಪಕ್ಕದಲ್ಲಿ ಹೇಳಿದರೆ ಸಾಕು. "ಹೇಳ್ರಿ, ಹೇಳ್ರಿ" ಎಂದು ಒತ್ತಾಯಿಸಬಾರದೆಂದು ಆಲಿಮರೇ (ಧರ್ಮಪಂಡಿತರೇ) ಹೇಳುತ್ತಾರೆ.

ಬೆಳಗಾವಿ ಜಿಲ್ಲೆಯ ಜೈನ ಮನೆಗಳಲ್ಲಿ ಏಳು ನರಕಭೂಮಿಗಳ ವರ್ಣನೆ ಬಾಲ್ಯದಿಂದಲೇ ಪರಿಚಿತ. ಅಲ್ಲಿಯ ಆಯುಷ್ಯವನ್ನು ಸಾಗರೋಪಮವೆಂಬ ಎಣಿಕೆಗೆ ಸಿಗದಷ್ಟು ದೀರ್ಘ ಕಾಲಮಾನದಲ್ಲಿ ಅಳೆದರೂ ಅದಕ್ಕೆ ಕೊನೆ ಇದ್ದೇ ಇದೆ ಎಂಬುದನ್ನು ಮುನಿಗಳಿಂದಲೋ ಪಂಡಿತರಿಂದಲೋ ಹೇಳಿಸಿ. ಮನೆಮಂದಿಯೆಲ್ಲ ಕ್ಷಮೆ ಕೇಳಿ ಕ್ಷಮೆ ಕೊಡುವ ಕ್ಷಮಾವಾಣಿಯನ್ನು ಪರ್ಯುಷಣ ಪರ್ವದವರೆಗೆ ಕಾಯದೆ ಮಾಡಿ. ಅನ್ನನೀರನ್ನು ಹಂತಹಂತವಾಗಿ ಬಿಟ್ಟು ದೇಹ ತೊರೆಯುವ ವ್ರತವಾದ ಸಲ್ಲೇಖನದ ಮಾತು ಬಂದರೆ ಅವಸರ ಬೇಡ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ನಿಷೇಧಿಸಿತು, ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು ಎಂಬುದು ಕಾನೂನಿನ ಮಾತು. ಶಾಸ್ತ್ರದ ಮಾತು ಇನ್ನೂ ಕಟ್ಟುನಿಟ್ಟು: ಬೇಗ ಸಾಯಬೇಕೆಂಬ ಬಯಕೆಯನ್ನು ಸಲ್ಲೇಖನದ ಐದು ಅತಿಚಾರಗಳಲ್ಲಿ (ವ್ರತದೋಷಗಳಲ್ಲಿ) ಒಂದೆಂದು ಎಣಿಸಲಾಗಿದೆ. ಭಯದಿಂದಲೋ ನೋವಿನಿಂದಲೋ ಅದನ್ನು ಕೇಳುವವರಿಗೆ ಮೊದಲು ಬೇಕಾದದ್ದು ನೋವಿನ ಔಷಧ.

ಕ್ರೈಸ್ತ ಕುಟುಂಬಗಳಿಗೆ ಒಂದೇ ಮಾತು. ಗುರುಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವ ರೋಗಿಗಳ ಅಭ್ಯಂಜನ ಸಾಯುವ ಕ್ಷಣಕ್ಕಷ್ಟೇ ಮೀಸಲಾದದ್ದಲ್ಲ. ಪಾಪನಿವೇದನೆ ಮಾಡಲು ಮಾತು ಬರುತ್ತಿರುವಾಗಲೇ ಗುರುಗಳನ್ನು ಕರೆಸಿ.

ಭಯವೇ ಕಾಯಿಲೆಯಾದಾಗ

ಸಾವಿನ ಹತ್ತಿರವೂ ಇಲ್ಲದವರನ್ನು, ಕಾಲೇಜಿಗೆ ಹೋಗುವವರನ್ನು ಅಥವಾ ಬಾಣಂತಿಯರನ್ನು ಈ ಭಯ ಹಿಡಿಯುವುದುಂಟು. ಮೊಬೈಲಿನಲ್ಲಿ "ಈ ಪಾಪಕ್ಕೆ ಈ ಶಿಕ್ಷೆ" ಎಂಬ ವಿಡಿಯೊ ಒಂದನ್ನು ಪೂರ್ತಿ ನೋಡಿದರೆ ಅಂಥವೇ ಇನ್ನಷ್ಟು ತಾವಾಗಿ ಬರತೊಡಗುತ್ತವೆ. ಒಂದೇ ಪಾಪವನ್ನು ಮತ್ತೆ ಮತ್ತೆ ನೆನೆಯುವುದು, ಕ್ಷಮೆ ಬೇಡಿದ್ದು ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ಬೇಡುವುದು, "ನನಗ ನರಕ ಇಲ್ಲ ಹೌದಲ್ಲೋ?" ಎಂದು ದಿನಕ್ಕೆ ಹತ್ತಾರು ಸಲ ಕೇಳುವುದು ಗೀಳು ಕಾಯಿಲೆಯ ಲಕ್ಷಣವಾಗಿರಬಹುದು. ಅಲ್ಲಿ ನಾವು ಪ್ರತಿ ಸಲ ಕೊಡುವ ಭರವಸೆ ಭಯವನ್ನು ಇಳಿಸದೆ ಮುಂದಿನ ಪ್ರಶ್ನೆಗೆ ದಾರಿ ಮಾಡಿಕೊಡುತ್ತದೆ. ಇದಕ್ಕೆ ಔಷಧವೂ ವಿಶಿಷ್ಟ ಮಾತಿನ ಚಿಕಿತ್ಸೆಯೂ ಇವೆ.

ಊಟ ನಿದ್ದೆ ಬಿಟ್ಟು, "ನಾ ದೊಡ್ಡ ಪಾಪಿ, ನನ್ನಿಂದ ಮನಿ ಹಾಳಾತು" ಎನ್ನುವವರಲ್ಲಿ ತೀವ್ರ ಖಿನ್ನತೆ ಇರಬಹುದು. ನರಕಕ್ಕೆ ಅಂಜುವವರು ಆತ್ಮಹತ್ಯೆ ಮಾಡಿಕೊಳ್ಳಲಾರರು ಎಂದು ನಂಬಿ ಕೂಡಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ; ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಹ್ಞೂಂ ಎಂದರೆ ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆಯನ್ನು (ಕೀಟನಾಶಕವನ್ನು) ಮನೆಯಿಂದ ಹೊರಗೆ ಸಾಗಿಸಿ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. 14416 ಸಂಖ್ಯೆಯ ಟೆಲಿಮಾನಸ್ ಸಹಾಯವಾಣಿ ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲಿದೆ.

ಹೋದವರ ಬಗ್ಗೆ ಉಳಿದವರ ಭಯ

ಸಾವಿನ ನಂತರ ಈ ಭಯ ಮನೆಯವರ ಮೇಲೆ ಬರುತ್ತದೆ. ಮಕ್ಕಳು "ಮುತ್ಯಾ ಎಲ್ಲಿ ಹೋದ? ಅಲ್ಲೆ ಅವಗ ಹೊಡೀತಾರ?" ಎಂದು ಕೇಳಿದರೆ "ಇಲ್ಲ, ಮುತ್ಯಾಗ ಈಗ ಯಾವ ನೋವೂ ಇಲ್ಲ" ಎಂದು ಸ್ಪಷ್ಟವಾಗಿ ಹೇಳಿ. "ಮಲಗ್ಯಾನ" ಎಂದು ಹೇಳಬೇಡಿ. ಹಾಗೆಂದರೆ ಚಿಕ್ಕ ಮಕ್ಕಳು ರಾತ್ರಿ ಮಲಗಲು ಅಂಜತೊಡಗುತ್ತಾರೆ. "ಸುಳ್ಳು ಹೇಳಿದ್ರ ಯಮ ಒಯ್ತಾನ" ಎಂಬ ಬೆದರಿಕೆಯನ್ನು ಆ ವರ್ಷವಾದರೂ ಬಿಡಿ.

ಹತ್ತನೆಯ ದಿನ ಪಿಂಡವನ್ನು ಕಾಗೆ ಮುಟ್ಟದಿದ್ದರೆ ಹೋದವರ ಜೀವ ಇನ್ನೂ ಅತೃಪ್ತವಾಗಿ ಸಂಕಟಪಡುತ್ತಿದೆ ಎಂದು ಹೊಳೆಯ ದಂಡೆಯಲ್ಲಿ ಗಂಟೆಗಟ್ಟಲೆ ಬಿಸಿಲಲ್ಲಿ ನಿಂತು ಅಳುವ ಕುಟುಂಬಗಳಿವೆ. ಹೋದವರಿಗೆ ಯಾರು ಏನು ಮಾತು ಕೊಡಬೇಕು, ಯಾರಿಂದ ಏನು ತಪ್ಪಾಯಿತು ಎಂಬ ಜಗಳಗಳೂ ಅಲ್ಲಿಯೇ ಆರಂಭವಾಗುತ್ತವೆ, ಮತ್ತು ಆ ಮಾತು ಹೆಚ್ಚಾಗಿ ಆರೈಕೆ ಮಾಡಿದ ಸೊಸೆಯ ಮೇಲೆಯೇ ಬಂದು ನಿಲ್ಲುತ್ತದೆ. ಜನಜಂಗುಳಿ ಇರುವ ಘಾಟಿನಲ್ಲಿ ಅಥವಾ ಅದಾಗಲೇ ಹೊಟ್ಟೆ ತುಂಬಿದ ಕಾಗೆಗಳಿರುವಲ್ಲಿ ಹಕ್ಕಿ ಬಾರದಿರಲು ಬೇರೆ ಕಾರಣ ಬೇಕಿಲ್ಲ. ಕಾಗೆ ಬಾರದಿದ್ದಾಗ ದರ್ಭೆಯಿಂದ ಮಾಡಿದ ಕಾಗೆಯನ್ನು ಮುಟ್ಟಿಸುವ ಪದ್ಧತಿಯೂ, ಪಿಂಡವನ್ನು ಆಕಳಿಗೆ ಕೊಡುವ ಅಥವಾ ನೀರಿಗೆ ಬಿಡುವ ಪದ್ಧತಿಯೂ ಇವೆ. ಎಷ್ಟು ಹೊತ್ತು ಕಾಯುವುದು, ಆಮೇಲೆ ಯಾವ ಪದ್ಧತಿ ಹಿಡಿಯುವುದು ಎಂಬುದನ್ನು ಒಂಬತ್ತನೆಯ ದಿನವೇ ಪುರೋಹಿತರೊಂದಿಗೆ ಮಾತಾಡಿ ಗೊತ್ತುಮಾಡಿಕೊಳ್ಳಿ, ಮತ್ತು ಹೊಳೆಗೆ ಬಾರದೆ ಮನೆಯಲ್ಲಿ ಉಳಿಯುವ ಹೆಣ್ಣುಮಕ್ಕಳಿಗೂ ಅದನ್ನು ಮುಂಚಿತವಾಗಿಯೇ ತಿಳಿಸಿಡಿ.